ಹನ್ನೆರಡು ಚೌಕಗಳು: ನಮ್ಮ ಗಡಿಸೀಮೆಯ ಸ್ಟುಡಿಯೋಗಳೂ ನೂರಿಪ್ಪತ್ತರ ಕ್ಯಾಮೆರಾಗಳೂ

ಕಳೆದ ವರ್ಷ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಸಣ್ಣ ವಾಗ್ವಾದ ನಡೆಯಿತು. ಮಡಕಶಿರಾ, ರೊಳ್ಳ, ಅಮರಾಪುರಗಳ ಕಡೆಯೂ ಅತ್ತ ಕಲ್ಯಾಣದುರ್ಗ, ಕಂಬದೂರುಗಳ ಕಡೆಯೂ ಹೊಲದ ಬದುಗಳಲ್ಲಿ, ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ ಬಿದ್ದಿರುವ ಕನ್ನಡ ಶಾಸನಗಳನ್ನೂ ವೀರಗಲ್ಲುಗಳನ್ನೂ ಛಾಯಾಚಿತ್ರಗಳಲ್ಲಿ ಹಿಡಿದಿಡುವ ಕೆಲಸವನ್ನು ಸಂಘವು ಕೈಗೊಳ್ಳಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಹೇಗೆ ಹಿಡಿಯಬೇಕೆಂಬಲ್ಲಿ ಮಾತು ಬೆಳೆಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಯುವ ಸದಸ್ಯರೊಬ್ಬರು, ನಮ್ಮ ಹಳೆಯ ವಿದ್ಯಾರ್ಥಿಯ ಮಗ, ಚೀಲದಿಂದ ಒಂದು ಹಳೆಯ ಯಾಷಿಕಾ ಕ್ಯಾಮೆರಾವನ್ನು ತೆಗೆದು ಮೇಜಿನ ಮೇಲಿರಿಸಿ, ಈ ಕೆಲಸವನ್ನು ಫಿಲಂನಲ್ಲಿಯೇ ಮಾಡಬೇಕೆಂದರು. ಹಿರಿಯರೊಬ್ಬರು ತಮ್ಮ ಜೇಬಿನ ಫೋನನ್ನು ಅದರ ಪಕ್ಕದಲ್ಲಿಟ್ಟು, “ಇದಿರುವಾಗ ಆ ಡಬ್ಬಿ ಏತಕ್ಕೆ?” ಎಂದರು. ಸಭೆ ನಕ್ಕಿತು. ಕೊನೆಗೆ ಕಾರ್ಯದರ್ಶಿಗಳು ನಮ್ಮತ್ತ ತಿರುಗಿ, “ಮೇಷ್ಟ್ರೇ, ನೀವು ಆ ಕಾಲದವರು, ಆ ಕ್ಯಾಮೆರಾಗಳ ಗುಣವನ್ನೂ ದೋಷವನ್ನೂ ಕಂಡವರು. ನಿಮ್ಮ ಅಭಿಪ್ರಾಯವನ್ನು ಬರೆದುಕೊಡಿ” ಎಂದು ಹೊಣೆಯನ್ನು ನಮ್ಮ ಹೆಗಲಿಗೆ ಏರಿಸಿದರು. ಅಭಿಪ್ರಾಯ ಹೇಳಬೇಕಾದರೆ ಇತಿಹಾಸ ಹೇಳದೆ ತೀರದು. ಆದುದರಿಂದ ಅದು ಈ ಸ್ಮರಣ ಸಂಚಿಕೆಯ ಪುಟಗಳಿಗೆ ಬಂದಿದೆ.

ಛಾಯಾಚಿತ್ರಕಲೆಯು ಕನ್ನಡ ನೆಲಕ್ಕೆ ಬಹು ಬೇಗ ಬಂದಿತೆಂಬುದನ್ನು ಮೊದಲು ನೆನೆಯಬೇಕು. ಫ್ರಾನ್ಸಿನಲ್ಲಿ ದಾಗೇರನ ವಿಧಾನವು ಪ್ರಕಟವಾದುದು 1839ರಲ್ಲಿ. ಅದಾದ ಹದಿನೇಳನೆಯ ವರ್ಷಕ್ಕೆ, ಎಂದರೆ 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಹಂಪೆಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ದೊಡ್ಡ ದೊಡ್ಡ ನೆಗೆಟಿವ್‌ಗಳಲ್ಲಿ ಹಿಡಿದನು. ವಿಜಯವಿಠ್ಠಲನ ಗುಡಿಯ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿದ್ದಿತು. ಇಂದು ಐವತ್ತು ರೂಪಾಯಿಯ ನೋಟಿನ ಮೇಲೆ ನಾವು ಕಾಣುವ ರಥಕ್ಕೆ ಅದಿಲ್ಲ. ಅದು ಇದ್ದಿತೆಂಬುದನ್ನು ಗ್ರೀನ್‌ಲಾನ ಚಿತ್ರವು ಕಣ್ಣಾರೆ ತೋರಿಸುತ್ತದೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಅದೇ ಜಾಗಗಳಲ್ಲಿ ನಿಂತು ಪುನಃ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ ಕಾಲವೆಂಬುದು ಏನನ್ನು ಕೊಂಡೊಯ್ಯುತ್ತದೆಂಬುದು ತಿಳಿಯುತ್ತದೆ. ನೆಗೆಟಿವ್ ದೊಡ್ಡದಾಗಿದ್ದುದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ಈ ಮಾತನ್ನು ವಾಚಕರು ಮುಂದಕ್ಕೂ ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ.

ಆ ಕಾಲದ ಕ್ಯಾಮೆರಾ ಎತ್ತಿನ ಗಾಡಿಯ ಹೊರೆ. ಅನಂತರ ಗಾಜಿನ ಫಲಕಗಳು ಬಂದವು. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಲೆನ್ಸಿನ ಮುಚ್ಚಳವನ್ನು ಕೈಯಿಂದ ತೆಗೆದು, ಒಂದು ಎರಡು ಮೂರು ಎಂದು ಎಣಿಸಿ, ಪುನಃ ಮುಚ್ಚುವ ಛಾಯಾಗ್ರಾಹಕನನ್ನು ನಮ್ಮ ಬಾಲ್ಯದಲ್ಲಿಯೂ ಕಂಡಿದ್ದೇವೆ. ಶಾಲೆಯ ಗುಂಪು ಚಿತ್ರಕ್ಕೆ ಆತನೇ ಬರುತ್ತಿದ್ದನು. ಆ ಹೊರೆಯನ್ನು ಇಳಿಸಿದುದು ಕೊಡಕ್ ಕಂಪನಿಯವರು 1901ರಲ್ಲಿ ತಮ್ಮ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾಕ್ಕಾಗಿ ತಂದ ಸುರುಳಿ ಫಿಲಂ. ಅದಕ್ಕೆ 120 ಎಂದು ಹೆಸರು. ನೂರಿಪ್ಪತ್ತು ಎಂಬುದು ಅಳತೆಯೇನಲ್ಲ, ಕಂಪನಿಯ ಪಟ್ಟಿಯಲ್ಲಿನ ಕ್ರಮಸಂಖ್ಯೆ. ಸುಮಾರು 6 ಸೆಂಟಿಮೀಟರ್ ಅಗಲದ ಈ ಫಿಲಂಗೆ ಬೆನ್ನ ಹಿಂದೆ ಕಪ್ಪು ಕಾಗದ, ಆ ಕಾಗದದ ಮೇಲೆ ಅಂಕೆಗಳು. ಕ್ಯಾಮೆರಾದ ಬೆನ್ನಿನ ಕೆಂಪು ಕಿಟಕಿಯಲ್ಲಿ ಅಂಕೆ ಕಾಣುವ ತನಕ ಕೀಲಿಯನ್ನು ತಿರುಗಿಸಬೇಕು. ಉದ್ದ ಚಿತ್ರವಾದರೆ ಎಂಟು, ಚೌಕವಾದರೆ ಹನ್ನೆರಡು, ಅರ್ಧವಾದರೆ ಹದಿನಾರು. ಕ್ಯಾಮೆರಾಗಳು ಬಂದವು, ಹೋದವು. ಆ ಸುರುಳಿ ಮಾತ್ರ ನೂರಿಪ್ಪತ್ತು ವರ್ಷಗಳನ್ನು ದಾಟಿಯೂ ಇಂದಿಗೂ ತಯಾರಾಗುತ್ತಿದೆ.

ಎರಡು ಕಣ್ಣಿನ ಕ್ಯಾಮೆರಾ ಎಂದು ನಮ್ಮ ಜನ ಕರೆಯುತ್ತಿದ್ದುದು ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ 1929ರಲ್ಲಿ ಹುಟ್ಟಿದ ರೋಲಿಫ್ಲೆಕ್ಸಿನ ಸಂತತಿಯನ್ನು. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನ ಕಣ್ಣು ಹಿಡಿಯುವುದಕ್ಕೆ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಅವರ ಕೈಯಲ್ಲಿದ್ದುದೂ ರೋಲಿಫ್ಲೆಕ್ಸೇ. ನಮ್ಮಂಥ ಊರುಗಳ ಸ್ಟುಡಿಯೋದವರಿಗೆ ಅದು ಕೈಗೆಟುಕದ ಹಣ್ಣು. ಅವರಿಗೆ ದೊರಕಿದುದು ಜಪಾನಿನ ಯಾಷಿಕಾ. ಅದೂ ಬಹುಮಟ್ಟಿಗೆ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಬಂದದ್ದು. ಮನೆಬಳಕೆಗೆ ಆಗ್ಫಾ ಕ್ಲಿಕ್ ಎಂಬ ಸಣ್ಣ ಕ್ಯಾಮೆರಾ. ಅದನ್ನು ಬರೋಡಾದಲ್ಲಿಯೇ ತಯಾರಿಸುತ್ತಿದ್ದುದರಿಂದ ಮಧ್ಯಮ ವರ್ಗದ ಸಂಸಾರಗಳಿಗೂ ನಿಲುಕುತ್ತಿತ್ತು. ಫಿಲಂ ಸಹ ಸ್ವದೇಶಿಯಾಯಿತು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಫೋಟೋ ಫಿಲಂಸ್ 1967ರಲ್ಲಿ ಉತ್ಪಾದನೆಯನ್ನು ಆರಂಭಿಸಿ, ತನ್ನ ಸರಕಿಗೆ ‘ಇಂದು’ ಎಂದು ಹೆಸರಿಟ್ಟಿತು. ಇಂದು ಎಂದರೆ ಚಂದ್ರ, ಬೆಳ್ಳಿಯ ಬಣ್ಣದವನು. ಫಿಲಂನ ಮೇಲಿರುವುದೂ ಬೆಳ್ಳಿಯ ಲವಣವೇ. ಯಾರೋ ರಸಿಕರು ಇಟ್ಟ ಹೆಸರಿರಬೇಕು.

ಹಿಂದೂಪುರಕ್ಕೆ ಇವೆಲ್ಲ ಬೇಗ ಬಂದವು. ಕಾರಣ ರೈಲು. ಗುಂತಕಲ್ಲು-ಬೆಂಗಳೂರು ಮಾರ್ಗದಲ್ಲಿ ಊರು ಇರುವುದರಿಂದ, ಬೆಳಗ್ಗೆ ಹೋಗಿ ಬೆಂಗಳೂರಿನಲ್ಲಿ ಫಿಲಂ, ಕಾಗದ, ರಾಸಾಯನಿಕಗಳನ್ನು ಕೊಂಡು ಸಂಜೆಗೆ ಮರಳಬಹುದಾಗಿತ್ತು. ಬೆಲ್ಲ, ಹುಣಿಸೆ, ಮೆಣಸಿನಕಾಯಿಯ ಮಂಡಿಗೆ ಬಂದ ರೈತನು ಕೈಯಲ್ಲಿ ನಾಲ್ಕು ಕಾಸಿದ್ದಾಗ ಸಂಸಾರಸಮೇತ ಸ್ಟುಡಿಯೋ ಮೆಟ್ಟಿಲನ್ನು ಹತ್ತುತ್ತಿದ್ದನು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿಯ ಭಾಗಗಳು ಮೈಸೂರಿಗೆ ಸೇರಿ, ನಮ್ಮ ಅನಂತಪುರ ಜಿಲ್ಲೆಯು ಆಂಧ್ರದಲ್ಲಿ ಉಳಿಯಿತು. ಆದರೆ ಸ್ಟುಡಿಯೋದೊಳಗಿನ ಬಣ್ಣದ ಪರದೆಗೆ ರಾಜ್ಯದ ಗಡಿ ತಿಳಿಯದು. ಅದರ ಮೇಲೆ ಬರೆದಿದ್ದ ಅರಮನೆಯ ಮೆಟ್ಟಿಲುಗಳ ಮುಂದೆ ಗೌರಿಬಿದನೂರಿನವರೂ ನಿಂತರು, ಮಡಕಶಿರದವರೂ ನಿಂತರು. ಕಲ್ಯಾಣದುರ್ಗದ ಕಥೆ ಬೇರೆ. ಆಗ ಅಲ್ಲಿಗೆ ರೈಲಿರಲಿಲ್ಲ, ಬಸ್ಸೊಂದೇ ಗತಿ. ಸಾಮಾನು ತರಿಸುವುದು ಕಷ್ಟವಾಗಿದ್ದರಿಂದ ಅಲ್ಲಿನ ಸ್ಟುಡಿಯೋದವರು ಒಂದೊಂದು ಚೌಕವನ್ನೂ ಗುಬ್ಬಿ ಕಾಳು ಹೆಕ್ಕಿದಂತೆ ಲೆಕ್ಕವಿಟ್ಟು ಬಳಸುತ್ತಿದ್ದರು.

ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಎರಡನೆಯ ವರ್ಷ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾವನ್ನು ಕೊಂಡೆವು. ಮೊದಲ ಸುರುಳಿಯನ್ನು ಹಾಕಿಕೊಂಡು ವಿದ್ಯಾರ್ಥಿಗಳನ್ನು ಲೇಪಾಕ್ಷಿಗೆ ಪ್ರವಾಸ ಕರೆದೊಯ್ದೆವು. ಹಿಂದೂಪುರದಿಂದ ಲೇಪಾಕ್ಷಿ ಹದಿನೈದು ಕಿಲೋಮೀಟರಿನೊಳಗೆ. ಅಚ್ಯುತರಾಯನ ಆಳ್ವಿಕೆಯಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರಾಲಯ, ಪ್ರಾಕಾರದ ಗೋಡೆಯ ಕನ್ನಡ ಶಾಸನಗಳು, ಊರ ಹೊರಗಿನ ಏಕಶಿಲಾ ನಂದಿ, ಎಲ್ಲವನ್ನೂ ಹಿಡಿಯುವ ಉತ್ಸಾಹ. ಆ ಕ್ಯಾಮೆರಾದಲ್ಲಿ ಫಿಲಂ ತಿರುಗಿಸದೆಯೇ ಎರಡನೆಯ ಬಾರಿ ಒತ್ತಿದರೆ ತಡೆಯುವ ಕೀಲಿರಲಿಲ್ಲ. ನಮಗದು ಗೊತ್ತಿರಲಿಲ್ಲ. ತೊಳೆದು ಬಂದ ಚಿತ್ರಗಳಲ್ಲಿ ಒಂದರಲ್ಲಿ ನಮ್ಮ ಅಂದಿನ ಮುಖ್ಯೋಪಾಧ್ಯಾಯರು ಪಂಚೆ ಕೋಟು ಸಹಿತ ನಂದಿಯ ಬೆನ್ನ ಮೇಲೆ ಗಾಳಿಯಲ್ಲಿ ಕುಳಿತಿದ್ದರು. ನಾವು ಆ ಚಿತ್ರವನ್ನು ಅವರಿಗೆ ತೋರಿಸುವ ಧೈರ್ಯ ಮಾಡಲಿಲ್ಲ. ಅವರು ನಿವೃತ್ತರಾದ ದಿನ ತೋರಿಸಿದೆವು. ಅವರು ಅದನ್ನು ಕೇಳಿ ಪಡೆದು ಮನೆಗೆ ಒಯ್ದರು.

ಅಲ್ಲಿಂದ ಮುಂದೆ ಹಿಂದೂಪುರದ ಸ್ಟುಡಿಯೋ ಮಾಲೀಕರೊಬ್ಬರ ಸ್ನೇಹವಾಯಿತು. ಮನೆಮಾತು ತೆಲುಗು, ನಮ್ಮನ್ನು “ಅಯ್ಯವಾರು” ಎಂದೇ ಕರೆಯುತ್ತಿದ್ದರು, ಕನ್ನಡ ಪತ್ರಿಕೆಯನ್ನು ಓದುತ್ತಿದ್ದರು. ಈ ವಿದ್ಯೆಯ ಬಗ್ಗೆ ನಾವು ಅರಿತದ್ದೆಲ್ಲ ಅವರ ಕತ್ತಲೆಕೋಣೆಯಲ್ಲಿಯೇ.

ದೊಡ್ಡ ನೆಗೆಟಿವ್‌ನ ಮೊದಲ ಗುಣವನ್ನು ಗಣಿತದಿಂದಲೇ ಹೇಳಬಹುದು. ಚೌಕದ ಒಂದು ಭುಜ 56 ಮಿಲಿಮೀಟರ್, ಎಂದರೆ 3136 ಚದರ ಮಿಲಿಮೀಟರ್ ವಿಸ್ತೀರ್ಣ. ಮುಂದೆ ಬಂದ 35 ಮಿಲಿಮೀಟರ್ ಫಿಲಂನ ಚಿತ್ರವು 24ಕ್ಕೆ 36, ಎಂದರೆ 864. ಮೂರೂವರೆ ಪಟ್ಟಿಗೂ ಮಿಗಿಲು. ಒಂದೇ ಅಳತೆಯ ಪಟಕ್ಕೆ ಚಿಕ್ಕ ನೆಗೆಟಿವ್ ಅನ್ನು ಹೆಚ್ಚು ಹಿಗ್ಗಿಸಬೇಕು. ಹಿಗ್ಗಿದಷ್ಟೂ ಬೆಳ್ಳಿಯ ಕಣಗಳು ಮರಳಿನಂತೆ ಎದ್ದು ಕಾಣುತ್ತವೆ.

ಆದರೆ ನಮ್ಮ ಸ್ನೇಹಿತರಿಗೆ ಈ ಲೆಕ್ಕಕ್ಕಿಂತ ಹೆಚ್ಚು ಬೇಕಾಗಿದ್ದುದು ಬೇರೊಂದು ಅನುಕೂಲ. ದೊಡ್ಡ ನೆಗೆಟಿವ್‌ನ ಮೇಲೆ ಕೈಯಿಂದ ಕೆಲಸ ಮಾಡಬಹುದು. ಇಳಿಜಾರು ಮೇಜಿನ ಮೇಲೆ ಕೆಳಗಿನಿಂದ ಬೆಳಕು ಬಿಟ್ಟುಕೊಂಡು, ಸೂಜಿಯಂತೆ ಚೂಪು ಮಾಡಿದ ಸೀಸದ ಕಡ್ಡಿಯಿಂದ ಮುಖದ ಮೇಲಿನ ಸಿಡುಬಿನ ಕಲೆಗಳನ್ನೂ ಕಣ್ಣಿನ ಕೆಳಗಿನ ಕಪ್ಪನ್ನೂ ಅವರು ತುಂಬುತ್ತಿದ್ದರು. ನೆಗೆಟಿವ್‌ನಲ್ಲಿ ಗೀರು ಬಿದ್ದೆಡೆ ಪಟದಲ್ಲಿ ಬಿಳುಪಾಗುತ್ತದೆ. ಇದಕ್ಕೆ ಟಚಿಂಗ್ ಎಂದು ಹೆಸರು. ಮದುವೆಗೆ ಹುಡುಗಿಯ ಪಟ ಕೇಳಿ ಬರುವವರೆಲ್ಲರೂ “ಸ್ವಲ್ಪ ಬೆಳ್ಳಗೆ ಮಾಡಿ” ಎಂದು ಪಿಸುಗುಟ್ಟುತ್ತಿದ್ದರು. ನಮಗೆ ಇದು ಸರಿಬೀಳುತ್ತಿರಲಿಲ್ಲ. ಕೇಳಿದಾಗ ಅವರು, “ಅಯ್ಯವಾರೇ, ನಾನು ಮಾಡದಿದ್ದರೆ ಆ ಹುಡುಗಿಯ ಅಪ್ಪ ಪಕ್ಕದ ಸ್ಟುಡಿಯೋಗೆ ಹೋಗುತ್ತಾನೆ” ಎಂದರು. ಇಂದಿನ ಫೋನುಗಳು ಕೇಳದೆಯೇ ಮುಖವನ್ನು ಬೆಳ್ಳಗೆ ಮಾಡುವುದನ್ನು ಕಂಡಾಗ ಆ ಸೀಸದ ಕಡ್ಡಿ ನೆನಪಾಗುತ್ತದೆ.

ಇನ್ನೊಂದು ಗುಣ ಕರೆಂಟಿಲ್ಲದ ಊರುಗಳಿಗೆ ಸಂಬಂಧಿಸಿದ್ದು. ನೆಗೆಟಿವ್ ಸಾಕಷ್ಟು ದೊಡ್ಡದಿದ್ದರೆ ಹಿಗ್ಗಿಸುವ ಯಂತ್ರವೇ ಬೇಡ. ಕಾಗದದ ಮೇಲೆ ನೆಗೆಟಿವ್ ಅನ್ನು ಒತ್ತಿಟ್ಟು ಬೆಳಕು ತೋರಿಸಿದರೆ ಅದೇ ಅಳತೆಯ ಪಟ ಸಿದ್ಧ. ನಮ್ಮ ಸದಸ್ಯರ ಮನೆಗಳ ಹಳೆಯ ಆಲ್ಬಮ್‌ಗಳಲ್ಲಿ ಕಪ್ಪು ಹಾಳೆಗೆ ಅಂಟಿಸಿದ, ಅಂಚು ಗರಗಸದಂತೆ ಕತ್ತರಿಸಿದ, ಎರಡೂಕಾಲು ಅಂಗುಲದ ಪುಟ್ಟ ಪಟಗಳು ಇದ್ದರೆ ಅವು ಹೀಗೆ ಹುಟ್ಟಿದವು.

ಎರಡು ಕಣ್ಣಿನ ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಎದುರಿಗಿರುವವರಿಗೆ ಛಾಯಾಗ್ರಾಹಕನು ನಮಸ್ಕರಿಸುತ್ತಿರುವಂತೆ ತೋರುತ್ತದೆ. ಹಳ್ಳಿಯ ಹೆಂಗಸರು, ಮಕ್ಕಳು ಅದಕ್ಕೆ ಬೆದರುತ್ತಿರಲಿಲ್ಲ. ಕಣ್ಣಿಗೆ ಕ್ಯಾಮೆರಾ ಏರಿಸಿ ಗುರಿಯಿಟ್ಟಾಗ ಮುಖ ಬಿಗಿಯುವಷ್ಟು ಇದಕ್ಕೆ ಬಿಗಿಯುವುದಿಲ್ಲ. ಅದರ ಷಟರ್ ಲೆನ್ಸಿನೊಳಗೇ ಇರುವುದರಿಂದ ಸದ್ದು ನಾಲಿಗೆ ಲೊಟ್ಟೆ ಹೊಡೆದಷ್ಟು ಮಾತ್ರ. ಲೇಪಾಕ್ಷಿಯ ನಾಟ್ಯಮಂಟಪದ ಮೇಲ್ಛಾವಣಿಯ ವರ್ಣಚಿತ್ರಗಳನ್ನು ತೆಗೆಯುವುದಕ್ಕೆ ನಮ್ಮ ಸ್ನೇಹಿತರು ಮಾಡಿದ ಉಪಾಯವನ್ನು ಇಲ್ಲಿ ಹೇಳಲೇಬೇಕು. ಕ್ಯಾಮೆರಾವನ್ನು ಬೆನ್ನಿನ ಮೇಲೆ ಅಂಗಾತ ನೆಲದಲ್ಲಿ ಮಲಗಿಸಿದರು. ಎರಡು ಕಣ್ಣುಗಳೂ ಛಾವಣಿಯನ್ನು ನೋಡತೊಡಗಿದವು. ನೋಡುವ ಗಾಜು ಪಕ್ಕಕ್ಕೆ ತಿರುಗಿತು. ಅವರು ಚಾಪೆಯ ಮೇಲೆ ಮಲಗಿ ಪಕ್ಕದಿಂದ ನೋಡುತ್ತ, ತಂತಿಯ ಗುಂಡಿಯನ್ನು ಒತ್ತಿ, ಗಡಿಯಾರ ಹಿಡಿದು ಎಂಟು ಸೆಕೆಂಡು ಬಿಟ್ಟರು. ತ್ರಿಪಾದಿಯೂ ಬೇಡವಾಯಿತು, ಫ್ಲಾಷೂ ಬೇಡವಾಯಿತು. ಫ್ಲಾಷಿನ ಬೆಳಕನ್ನು ಆ ಬಣ್ಣಗಳ ಮೇಲೆ ಬಿಡಬಾರದೆಂಬುದು ಅವರಿಗೆ ಯಾರೂ ಹೇಳಿಕೊಟ್ಟ ಪಾಠವಲ್ಲ.

ಇನ್ನು ದೋಷಗಳು. ಗಾಜಿನಲ್ಲಿ ಕಾಣುವ ಬಿಂಬ ಎಡಬಲ ತಿರುವುಮುರುವು. ಮಗುವು ಬಲಕ್ಕೆ ಓಡಿದರೆ ಗಾಜಿನಲ್ಲಿ ಅದರ ಬಿಂಬ ಎಡಕ್ಕೆ ಹೋಗುತ್ತದೆ. ನೋಡುವ ಕಣ್ಣೂ ಹಿಡಿಯುವ ಕಣ್ಣೂ ಬೇರೆಯಾಗಿರುವುದರಿಂದ, ಹತ್ತಿರದ ವಸ್ತುವಾದರೆ ನಾವು ಕಂಡದ್ದೊಂದು, ಫಿಲಂ ಕಂಡದ್ದೊಂದು. ಶಾಸನದ ಮೇಲಿನ ಸಾಲು ಹೀಗೆ ಕತ್ತರಿಸಿಹೋದುದುಂಟು. ಸಣ್ಣ ಕ್ಯಾಮೆರಾದ 50 ಮಿಲಿಮೀಟರ್ ಲೆನ್ಸಿನಷ್ಟೇ ನೋಟಕ್ಕೆ ಇಲ್ಲಿ 80 ಮಿಲಿಮೀಟರ್ ಲೆನ್ಸು ಬೇಕು. ಆದ್ದರಿಂದ ಸ್ಫುಟವಾಗಿ ಬೀಳುವ ಆಳ ಕಡಿಮೆ. ಮೂರು ಸಾಲಿನ ಗುಂಪು ಚಿತ್ರದಲ್ಲಿ ಲೆನ್ಸಿನ ರಂಧ್ರವನ್ನು ಕಿರಿದು ಮಾಡದಿದ್ದರೆ, ಮುಂದಿನ ಸಾಲಿನ ಮೇಷ್ಟರು ಸ್ಪಷ್ಟ, ಹಿಂದಿನ ಸಾಲಿನ ಹುಡುಗರು ಮಂಜು.

ಎಲ್ಲಕ್ಕೂ ಮಿಗಿಲಾದ ತೊಡಕು ಹನ್ನೆರಡು ಎಂಬ ಸಂಖ್ಯೆಯೇ. ನಮ್ಮ ಹತ್ತಿರದ ಬಂಧುಗಳ ಮದುವೆಯೊಂದರಲ್ಲಿ ಛಾಯಾಗ್ರಾಹಕನು ಕಾಶೀಯಾತ್ರೆ, ಜೀರಿಗೆ ಬೆಲ್ಲಗಳಿಗೆ ಹನ್ನೊಂದನ್ನು ಖರ್ಚು ಮಾಡಿ, ಹನ್ನೆರಡನೆಯದನ್ನು ಯಾರೋ ಯಜಮಾನರ ಒತ್ತಾಯಕ್ಕೆ ಒತ್ತಿಬಿಟ್ಟನು. ಆತ ಮೂಲೆಗೆ ಹೋಗಿ ಬೆನ್ನು ತಿರುಗಿಸಿ ಹೊಸ ಸುರುಳಿ ಹಾಕುತ್ತಿರುವಾಗ ಗಟ್ಟಿಮೇಳ ಮೊಳಗಿತು. ಮಾಂಗಲ್ಯಧಾರಣೆಯ ಚಿತ್ರವಿಲ್ಲ. ಊಟವಾದ ಮೇಲೆ ವರನು ಕಟ್ಟಿದ್ದ ತಾಳಿಯನ್ನೇ ಮತ್ತೊಮ್ಮೆ ಹಿಡಿದು ಕಟ್ಟುವಂತೆ ನಟಿಸಿದನು. ಆಲ್ಬಮ್ಮಿನಲ್ಲಿ ವಧುವಿನ ಮುಖದಲ್ಲಿ ನಗು ಏಕಿದೆಯೆಂದು ಮೊಮ್ಮಕ್ಕಳು ಈಗ ಕೇಳುತ್ತಾರೆ.

ಕಲ್ಯಾಣದುರ್ಗದಲ್ಲಿ ನಾವು ಎರಡು ವರ್ಷ ಸೇವೆ ಸಲ್ಲಿಸಿದಾಗ ಕಂಡ ತೊಂದರೆಯು ಕ್ಯಾಮೆರಾದ್ದಲ್ಲ, ನೀರಿನದು. ನಮ್ಮ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 550 ಮಿಲಿಮೀಟರ್. ಫಿಲಂ ತೊಳೆಯುವ ರಾಸಾಯನಿಕ 20 ಡಿಗ್ರಿಯಲ್ಲಿರಬೇಕೆಂದು ಪುಸ್ತಕ ಹೇಳುತ್ತದೆ. ಏಪ್ರಿಲ್ ತಿಂಗಳಲ್ಲಿ ಅಲ್ಲಿನ ತೊಟ್ಟಿಯ ನೀರಿಗೆ ಕೈ ಇಟ್ಟರೆ ಬಿಸಿ. ಅಲ್ಲಿನ ಸ್ಟುಡಿಯೋದವರು ಮಣ್ಣಿನ ಮಡಕೆಗಳಲ್ಲಿ ನೀರು ಆರಿಸಿ, ಮಧ್ಯರಾತ್ರಿಯ ಮೇಲೆ ಕೆಲಸಕ್ಕೆ ಕೂರುತ್ತಿದ್ದರು. ಹೈಪೊ ಪೂರ್ತಿಯಾಗಿ ಹೋಗಬೇಕಾದರೆ ಅರ್ಧ ತಾಸು ಹರಿಯುವ ನೀರು ಬೇಕು. ಕುಡಿಯುವ ನೀರಿಗೆ ಬಿಂದಿಗೆ ಸಾಲು ಹಚ್ಚಿದ ಬೀದಿಯಲ್ಲಿ ಅರ್ಧ ತಾಸು ನಲ್ಲಿ ಬಿಡುವ ಮನುಷ್ಯನು ಊರವರ ಬೈಗುಳಕ್ಕೆ ಪಾತ್ರನಾಗುತ್ತಾನೆ. ಗಡಸು ನೀರಿನ ಹನಿ ಒಣಗಿದಲ್ಲಿ ಬಿಳಿಯ ಕಲೆ; ಗಾಳಿ ಬೀಸಿದರೆ ಒದ್ದೆ ಫಿಲಂಗೆ ಕೆಂಪು ಧೂಳು. ಸರಿಯಾಗಿ ತೊಳೆಯದ ನೆಗೆಟಿವ್‌ಗಳು ಕೆಲವೇ ವರ್ಷಗಳಲ್ಲಿ ಹಳದಿಗೆ ತಿರುಗಿದವು. ಹರಿಯುವ ನೀರಿಲ್ಲದೆ, ಡಬ್ಬಿಯಲ್ಲಿ ನೀರು ತುಂಬಿ ಐದು ಬಾರಿ ಮಗುಚಿ ಚೆಲ್ಲಿ, ಎರಡನೆಯ ನೀರಿನಲ್ಲಿ ಹತ್ತು ಬಾರಿ, ಮೂರನೆಯದರಲ್ಲಿ ಇಪ್ಪತ್ತು ಬಾರಿ ಮಗುಚಿದರೆ ಸಾಕೆಂಬ ವಿಧಾನವನ್ನು ಇಲ್‌ಫರ್ಡ್ ಕಂಪನಿಯವರು ಪ್ರಚಾರ ಮಾಡಿದ್ದಾರೆ. ಅದು ಆಗಲೇ ಆ ಸ್ಟುಡಿಯೋಗೆ ತಿಳಿದಿದ್ದರೆ ಎಷ್ಟೋ ಮುಖಗಳು ಉಳಿಯುತ್ತಿದ್ದವು.

ಎಂಬತ್ತರ ದಶಕದಲ್ಲಿ ಬಣ್ಣದ 35 ಮಿಲಿಮೀಟರ್ ಫಿಲಂ ಬಂದಿತು. ಒಂದು ಸುರುಳಿಗೆ ಮೂವತ್ತಾರು ಚಿತ್ರ. ತೊಳೆಯುವುದು ಯಂತ್ರಕ್ಕೆ ಸೇರಿತು. ಕತ್ತಲೆಕೋಣೆಗಳು ಜೆರಾಕ್ಸ್ ಅಂಗಡಿಗಳಾದವು. ಮುಚ್ಚಿದ ಸ್ಟುಡಿಯೋಗಳ ನೆಗೆಟಿವ್‌ಗಳನ್ನು ಗುಜರಿಯವರು ಬೆಳ್ಳಿಗಾಗಿ ತೂಕಕ್ಕೆ ಕೊಂಡರು. ಮೂವತ್ತು ನಲವತ್ತು ವರ್ಷಗಳ ನಮ್ಮ ಊರಿನ ಮುಖಗಳು ಕಿಲೋ ಲೆಕ್ಕದಲ್ಲಿ ಹೋದವು. ವಿಚಿತ್ರವೆಂದರೆ, ಅನಂತರದ ಬಣ್ಣದ ಪಟಗಳು ಗೋಡೆಯ ಮೇಲೆಯೇ ಮಾಸಿ ಕೆಂಪಾಗಿವೆ. ಅದಕ್ಕೂ ಹಿಂದಿನ ಕಪ್ಪು ಬಿಳುಪಿನ ಅಜ್ಜಿ ಈಗಲೂ ಸ್ಪಷ್ಟವಾಗಿ ನೋಡುತ್ತಿದ್ದಾಳೆ.

ಗುಜರಿಗೆ ಹೋಗದೆ ಉಳಿದ ಒಂದು ತಗಡಿನ ಡಬ್ಬಿ ನಾಲ್ಕು ವರ್ಷಗಳ ಹಿಂದೆ ನಮ್ಮ ಕೈಸೇರಿತು. ಕಲ್ಯಾಣದುರ್ಗದ ಆ ಸ್ಟುಡಿಯೋದವರ ಮಗ, “ಸಾರ್, ಅಪ್ಪ ಹೋದರು; ಇದರಲ್ಲಿ ನಿಮ್ಮ ಶಾಲೆಯದು ಇರಬಹುದು, ನೋಡಿ” ಎಂದು ತಂದುಕೊಟ್ಟರು. ಮುಚ್ಚಳ ತೆಗೆದರೆ ವಿನಿಗರ್ ವಾಸನೆ ಮೂಗಿಗೆ ಹೊಡೆಯಿತು. ಅಸಿಟೇಟ್ ಫಿಲಂ ಶಿಥಿಲವಾಗುವಾಗ ಬರುವ ವಾಸನೆ ಅದು. ಗಾಳಿಯಾಡದ ಡಬ್ಬಿಯಲ್ಲಿ ಅದು ಇನ್ನೂ ಬೇಗ ಹರಡುತ್ತದೆ. ಅರ್ಧಕ್ಕರ್ಧ ಒಣ ಎಲೆಯಂತೆ ಸುರುಳಿಗೊಂಡಿದ್ದವು. ಉಳಿದವುಗಳಲ್ಲಿ ಒಂದು ಶಾಲೆಯ ಗುಂಪು ಚಿತ್ರ.

ಈ ಚಿತ್ರದ ಮಹತ್ವ ತಿಳಿಯಬೇಕಾದರೆ ಹಿನ್ನೆಲೆಯೊಂದನ್ನು ಹೇಳಬೇಕು. ಆ ಶಾಲೆಯಲ್ಲಿ ಕನ್ನಡ ವಿಭಾಗವು ಯಾವ ವರ್ಷದವರೆಗೆ ನಡೆಯಿತೆಂಬುದು ನಮ್ಮ ಸಂಘದಲ್ಲಿ ಹಳೆಯ ವಿವಾದ. ಎಪ್ಪತ್ತರ ದಶಕದ ಆರಂಭದಲ್ಲಿಯೇ ನಿಂತಿತೆಂದು ಕೆಲವರು. ನಾವು ಅಲ್ಲಿದ್ದಾಗಲೂ ನಡೆಯುತ್ತಿತ್ತೆಂದು ನಾವು. ದಾಖಲೆ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ನಮ್ಮ ನೆನಪನ್ನು ವಯಸ್ಸಾದವರ ನೆನಪೆಂದು ಸೌಜನ್ಯದಿಂದ ಬದಿಗಿಟ್ಟಿದ್ದರು. ನೆಗೆಟಿವ್‌ನಲ್ಲಿ ಮೂವತ್ತೊಂದು ಹುಡುಗರು, ಬಹುತೇಕ ಬರಿಗಾಲಿನವರು. ಒಬ್ಬ ಅಲುಗಾಡಿ ಮುಖವೇ ಇಲ್ಲದವನಾಗಿದ್ದಾನೆ. ಮಧ್ಯದಲ್ಲಿ ಕುಳಿತ ಹುಡುಗನ ತೊಡೆಯ ಮೇಲೆ ಒಂದು ಸ್ಲೇಟು. ಇಡೀ ಸ್ಲೇಟು ನೆಗೆಟಿವ್‌ನಲ್ಲಿ ನಾಲ್ಕು ಮಿಲಿಮೀಟರ್ ಅಗಲವಿಲ್ಲ. ಭೂತಗನ್ನಡಿಗೆ ಏನೋ ಬರಹವಿದೆಯೆಂದು ಕಂಡಿತೇ ಹೊರತು ಓದಲಾಗಲಿಲ್ಲ. ಮೇಲೆ ಹೇಳಿದ ಯುವ ಸದಸ್ಯರು ಬೆಂಗಳೂರಿಗೆ ಒಯ್ದು ಒಳ್ಳೆಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ ತಂದರು. ಗಣಕದ ಪರದೆಯ ಮೇಲೆ ಸ್ಲೇಟು ಹಿಗ್ಗುತ್ತ ಬಂದಿತು. ಸೀಮೆಸುಣ್ಣದ ಅಕ್ಷರ: “ಕನ್ನಡ ವಿಭಾಗ, 10ನೆಯ ತರಗತಿ, 1978-79”. ಕೈಬರಹ ಯಾರದೆಂದು ಪರದೆಯ ಮುಂದಿದ್ದವರು ಕೇಳಿದರು. ನಮ್ಮದೇ.

ಅದೇ ಚಿತ್ರವನ್ನು ಸಣ್ಣ ಫಿಲಂನಲ್ಲಿ ತೆಗೆದಿದ್ದರೆ ಸ್ಲೇಟು ಇದರ ಅರ್ಧದಷ್ಟು ಅಗಲ ಬಿದ್ದು, ಆ ಅಂಕೆಗಳು ಕಣಗಳಲ್ಲಿ ಕರಗಿಹೋಗುತ್ತಿದ್ದವೆಂಬುದೇ ನಮ್ಮ ಅಂದಾಜು. ಈ ಒಂದು ನಿದರ್ಶನದಿಂದ ಯುವ ಮಿತ್ರರ ಪಕ್ಷಕ್ಕೆ ನಾವು ಪೂರ್ಣವಾಗಿ ವಾಲಬೇಕಾಗಿತ್ತು. ಆದರೆ ಅದೇ ಡಬ್ಬಿಯಲ್ಲಿ ಅರ್ಧ ಹಾಳಾಗಿದ್ದುದನ್ನೂ ಕಂಡಿದ್ದೇವಲ್ಲ!

ಆದುದರಿಂದ ಸಮಿತಿಗೆ ನಮ್ಮ ಅಭಿಪ್ರಾಯ ಇದು. ಶಾಸನ, ವೀರಗಲ್ಲುಗಳ ಮೊದಲ ದಾಖಲೆ ಫೋನಿನಲ್ಲಿಯೇ ಆಗಲಿ. ನಾಲ್ಕೂ ಮಗ್ಗುಲು, ಇರುವ ಸ್ಥಳ, ಅಳತೆ ಎಲ್ಲವನ್ನೂ ಖರ್ಚಿಲ್ಲದೆ ಹಿಡಿಯಬಹುದು. ತಪ್ಪಿದ್ದರೆ ಅಲ್ಲಿಯೇ ತಿಳಿಯುತ್ತದೆ. ಫಿಲಂನಲ್ಲಿ ತಪ್ಪಿದ್ದು ತಿಳಿಯುವ ಹೊತ್ತಿಗೆ ಕಲ್ಲು ಮನೆಯ ಅಡಿಪಾಯಕ್ಕೆ ಹೋಗಿರುತ್ತದೆ. ಓದಿನ ಕೆಲಸಕ್ಕೆ ಯಾವ ಚಿತ್ರವೂ ಪಡಿಯಚ್ಚಿಗೆ ಸಮನಲ್ಲ. ಮದರಾಸು ಪ್ರಾಂತದ ಕನ್ನಡ ಶಾಸನಗಳು ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ 1939 ಮತ್ತು 1941ರಲ್ಲಿ ಎರಡು ಭಾಗಗಳಾಗಿ ಬಂದಿವೆ. ಅವನ್ನು ಮೊದಲು ನೋಡಿ, ಅದರಲ್ಲಿರುವ ಕಲ್ಲು ಇಂದು ಎಲ್ಲಿದೆ ಎಂದು ಹುಡುಕುವುದೇ ಅರ್ಧ ಕೆಲಸ.

ಅನಂತರ ಆಯ್ದ ಕಲ್ಲುಗಳಿಗೆ ಮಾತ್ರ, ಬೆಳಗಿನ ಓರೆ ಬಿಸಿಲಿನಲ್ಲಿ, ಕಪ್ಪು ಬಿಳುಪಿನ 120 ಫಿಲಂ. ಅದರ ಬೆಲೆ ಇಂದು ಸುರುಳಿಯೊಂದಕ್ಕೆ ನೂರಾರು ರೂಪಾಯಿ. ಕೆಲವು ಬಣ್ಣದ್ದು ಸಾವಿರ ದಾಟುತ್ತದೆ. ಉದಕಮಂಡಲದ ಕಾರ್ಖಾನೆ ಮುಚ್ಚಿದೆ, ಬರುವುದೆಲ್ಲ ಪರದೇಶದಿಂದ. ಹಳೆಯ ಕ್ಯಾಮೆರಾ ಕೊಳ್ಳುವವರು ಲೆನ್ಸಿನಲ್ಲಿ ಜೇಡರ ಬಲೆಯಂಥ ಬೂಷ್ಟು ಇದೆಯೇ ಎಂದು ದೀಪಕ್ಕೆ ಹಿಡಿದು ನೋಡಬೇಕು. ಒಂದು ಸೆಕೆಂಡಿನ ಷಟರ್ ಒತ್ತಿ ಕೇಳಬೇಕು. ಹಳೆಯ ಜಿಡ್ಡು ಗಟ್ಟಿಯಾಗಿದ್ದರೆ ಅದು ಮೂರು ಸೆಕೆಂಡು ನರಳುತ್ತದೆ. ಮಡಚುವ ಕ್ಯಾಮೆರಾ ಆದರೆ ಕತ್ತಲೆಯಲ್ಲಿ ಒಳಗೆ ಟಾರ್ಚು ಬಿಟ್ಟು ತಿದಿಯ ಮೂಲೆಗಳಲ್ಲಿ ಚುಕ್ಕೆ ಬೆಳಕು ಬರುವುದೇ ನೋಡಬೇಕು. 620 ಎಂಬ ಅಂಕೆಯಿರುವ ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬಾರದು; ಅದರ ಕೊಳವೆ ಸಪೂರ, ಫಿಲಂ ಕೊಡಕ್‌ನವರು 1995ರಲ್ಲೇ ನಿಲ್ಲಿಸಿದರು. 1970ರಲ್ಲಿ ಬಂದ ಯಾಷಿಕಾ 124 ಜಿಯಲ್ಲಿ ಬೆಳಕು ಅಳೆಯುವ ಮುಳ್ಳಿದೆ; ಆದರೆ ಅದಕ್ಕೆ ಬೇಕಾದ ಪಾದರಸದ ಸೆಲ್ ಈಗಿಲ್ಲ. ನಮ್ಮ ಸೀಮೆಯ ಬಿಸಿಲಿಗೆ ಮುಳ್ಳೇಕೆ? ರಂಧ್ರ 16ಕ್ಕೆ ಇಟ್ಟು, 125ರ ಫಿಲಂಗೆ ಸೆಕೆಂಡಿನ 125ನೆಯ ಒಂದು ಭಾಗ ಬಿಟ್ಟರೆ ಚಿತ್ರ ಬರುತ್ತದೆ. ತೊಳೆದ ನೆಗೆಟಿವ್‌ಗಳನ್ನು ಕಾಗದದ ಲಕೋಟೆಗಳಲ್ಲಿ, ಗಾಳಿಯಾಡುವ ಕಡೆ, ಒಂದು ಪ್ರತಿ ಸ್ಕ್ಯಾನ್ ಸಹಿತ ಇಡತಕ್ಕದ್ದು. ತಗಡಿನ ಡಬ್ಬಿ ಬೇಡವೇ ಬೇಡ.

ಸಮಿತಿಯು ಒಂದು ಸುರುಳಿಗೆ ಮಂಜೂರಾತಿ ಕೊಟ್ಟಿತು. ಒಂದೇ. ಯುವ ಮಿತ್ರರೂ ನಾವೂ ಇನ್ನು ನಾಲ್ವರೂ ಹೇಮಾವತಿಗೆ ಹೊರಟೆವು. ಹೆಂಜೇರೆಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಆ ಊರಿನ ಶಿಲ್ಪಗಳನ್ನು ಕುರಿತು ಡಗ್ಲಾಸ್ ಬ್ಯಾರೆಟ್ 1958ರಲ್ಲಿಯೇ ಪುಸ್ತಕ ಬರೆದರು. ಅಲ್ಲಿನ ಕೆಲವು ಶಿಲ್ಪಗಳು ಚೆನ್ನೈ ವಸ್ತುಸಂಗ್ರಹಾಲಯದಲ್ಲಿವೆ. ಗುಡಿಯ ಆವರಣದಲ್ಲಿ ತ್ರಿಪಾದಿಗೆ ಪುರಾತತ್ವ ಇಲಾಖೆಯ ಪೂರ್ವಾನುಮತಿ ಬೇಕಾದ್ದರಿಂದ ಕೈಯಲ್ಲೇ ಹಿಡಿದು, ಉಸಿರು ಕಟ್ಟಿ ತೆಗೆದರು. ದೊಡ್ಡೇಶ್ವರ ಗುಡಿಯ ಜಾಲಂಧ್ರಗಳಿಗೆ ನಾಲ್ಕು, ಕರಿಗಲ್ಲಿನ ಕಂಬಗಳಿಗೆ ಮೂರು, ಊರ ಸುತ್ತಿನ ವೀರಗಲ್ಲುಗಳಿಗೆ ನಾಲ್ಕು. ಪ್ರತಿಯೊಂದಕ್ಕೂ ಮೊದಲು ಐದು ನಿಮಿಷ ಚರ್ಚೆ. ಫೋನಿನಲ್ಲಿ ಆ ವೇಳೆಗೆ ಮುನ್ನೂರು ಚಿತ್ರಗಳಾಗಿದ್ದವು. ಹನ್ನೆರಡನೆಯದು ಉಳಿದಾಗ ಅವರು ಕ್ಯಾಮೆರಾವನ್ನು ಕೊರಳಿನಿಂದ ತೆಗೆದು ನಮಗೆ ಕೊಟ್ಟು, “ಮೇಷ್ಟ್ರೇ, ಕೊನೆಯದು ನಿಮ್ಮದು” ಎಂದರು.

ಕಿಲೋಗೂ ಮೀರಿದ ಭಾರ. ಹೊಲದ ಬದುವಿನಲ್ಲಿ ಅರ್ಧ ಹೂತಿದ್ದ ಒಂದು ವೀರಗಲ್ಲಿನ ಮುಂದೆ ತಲೆ ತಗ್ಗಿಸಿ ನಿಂತೆವು. ಅಭ್ಯಾಸ ತಪ್ಪಿ ಮೊದಲು ತಿರುವುಮುರುವಾಗಿಯೇ ತಿರುಗಿಸಿದೆವು. ವೀರನು ಗಾಜಿನ ಅಂಚಿನಿಂದ ಹೊರಟೇಹೋದನು. ಪುನಃ ತಂದುಕೊಂಡೆವು. ಕೈ ನಡುಗಿತೋ ಇಲ್ಲವೋ ಹೇಳಲಾರೆವು. ಸುರುಳಿಯು ತೊಳೆಯುವುದಕ್ಕೆ ಬೆಂಗಳೂರಿಗೆ ಹೋಗಿ, ಈ ಸಾಲುಗಳನ್ನು ಬರೆಯುವಾಗ, ಮೂರು ವಾರವಾಯಿತು.